ಒಳಗೆ ಬಿಟ್ಟ ಬಟ್ಟೆ

ಉಡುಪನ್ನು ಕಲ್ಪಿಸಿ ಹೊಲಿಯುವುದು ಒಂದು ವಿದ್ಯೆಯಾಗಿ, ಅದಕ್ಕೆ ಶಾಲೆಯೂ ಪರೀಕ್ಷೆಯೂ ಏರ್ಪಟ್ಟಿರುವ ಕಾಲವಿದು. ನನ್ನ ಮಗಳ ಮಗನು ಬೆಂಗಳೂರಿನಲ್ಲಿ ಆ ವಿದ್ಯಾರ್ಥಿ. ಕೊನೆಯ ಪರೀಕ್ಷೆಗೆ ಗಂಡಸರು ತೊಡತಕ್ಕ ಆರು ಉಡುಪುಗಳು ಸಿದ್ಧವಾಗಬೇಕು. ಅವಕ್ಕೆ ಮನೆತನದ ಚರಿತ್ರೆಯೇ ಆಧಾರವಾಗಲೆಂದು ಅವನ ಸಂಕಲ್ಪ. ಅವನು ಬರೆದು ತಂದ ಚಿತ್ರಗಳಲ್ಲಿ ಮೈಸೂರು ಪೇಟವೇನು, ಗೇಣಗಲದ ಜರಿಯಂಚೇನು! ನೋಡಿದವರು ನಮ್ಮ ಹಿರಿಯರನ್ನು ದಸರಾ ದರ್ಬಾರಿನವರೆಂದೇ ತಿಳಿಯಬೇಕು.

"ಮಗು, ಈ ಜರಿ ನಮ್ಮ ಮನೆಗೆ ಯಾವಾಗ ಬಂದಿತು?" ಎಂದೆನು.

"ನೋಡುವವರಿಗೆ ಮೈಸೂರೆಂದರೆ ಇದೇ, ತಾತ."

ಮೈಸೂರಿನ ರೇಷ್ಮೆಯ ಕಾರ್ಖಾನೆ 1912ರಲ್ಲಿ ಸ್ಥಾಪಿತವಾದದ್ದು ನಿಜ. ಅದರ ಒಂದೆಳೆಯೂ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ನನ್ನ ಪಿತಾಮಹರು ಸಂಸ್ಥಾನದ ಹಳ್ಳಿಶಾಲೆಯ ಉಪಾಧ್ಯಾಯರು. ಅವರಿಗಿದ್ದದ್ದು ಕಪ್ಪು ಉಣ್ಣೆಯ ಒಂದು ಕ್ಲೋಸ್ ಕೋಟು. ಕಚ್ಚೆಪಂಚೆಯ ಮೇಲೆ ಅದನ್ನು ತೊಟ್ಟು ಶಾಲೆಗೆ ಹೊರಡುವರು: ಸೊಂಟದಿಂದ ಮೇಲೆ ಸರ್ಕಾರ, ಕೆಳಗೆ ಅಗ್ರಹಾರ. ಸಂಜೆಗೆ ಕೋಟು ಜಗಲಿಯ ಗೂಟ ಸೇರುತ್ತಿತ್ತು. ಹೊಲಿದ ಬಟ್ಟೆಗೆ ದೇವರ ಮನೆಯಲ್ಲಿ ಪ್ರವೇಶವಿಲ್ಲ. ಅಮರಸಿಂಹನು ಉಡುವುದಕ್ಕೆ ಅಂತರೀಯವೆಂದೂ ಹೊದೆಯುವುದಕ್ಕೆ ಉತ್ತರೀಯವೆಂದೂ ಹೆಸರು ಹೇಳಿದ್ದಾನೆ. ಕತ್ತರಿಯ ಹಂಗಿಲ್ಲದ ಆ ಎರಡೇ ಅವರಿಗೆ ಉಡುಪು, ಕೋಟು ಉದ್ಯೋಗದ ವೇಷ.

ಪೆಟ್ಟಿಗೆಯಿಂದ ಅದನ್ನು ತೆಗೆದು ಒಳಮಗ್ಗುಲು ತಿರುವಿ ಹುಡುಗನ ಮುಂದಿಟ್ಟೆನು. ತೋಳಿನ ತುದಿಯಲ್ಲಿ ಮೂರು ಸಾಲು ಹೊಲಿಗೆಯ ಗುರುತು. ಪಿತಾಮಹರು ಕುಳ್ಳು, ಅವರ ತರುವಾಯ ತೊಟ್ಟ ನಮ್ಮ ದೊಡ್ಡಪ್ಪ ತೆಂಗಿನ ಮರ, ನನ್ನ ತಂದೆ ನಡುತರ. ಮಡಿಕೆ ಬಿಚ್ಚಿ, ಮಡಿಕೆ ಹಾಕಿ, ಒಂದೇ ಕೋಟು ಮೂವರನ್ನು ಕೆಲಸಕ್ಕೆ ಕಳುಹಿಸಿತು. ಬೆನ್ನಿನ ಅಸ್ತರು ಹರಿದಲ್ಲಿ ಅಜ್ಜಿಯ ಹಸುರು ಚೌಕುಳಿ ಸೀರೆಯ ತುಂಡು. ಒಳಜೇಬಿನಲ್ಲಿ ನಸ್ಯದ ಕಲೆ. ತೋಳಿನೊಳಗೆ ಎರಡಂಗುಲ ಬಟ್ಟೆ ಹೆಚ್ಚಾಗಿ ಬಿಟ್ಟ ಆ ದರ್ಜಿಯೇ ದೂರದರ್ಶಿ. ಈಗ ಅಂಗಡಿಯಲ್ಲಿ ಕೊಂಡ ಉಡುಪಿನಲ್ಲಿ ಬೆರಳಗಲ ಸಿಕ್ಕಿದರೆ ಪುಣ್ಯ. ತೊಟ್ಟವನು ಕೊಂಚ ದಪ್ಪನಾದನೋ, ಬಟ್ಟೆಯ ಆಯುಸ್ಸು ಮುಗಿಯಿತು.

"ಬಡತನವನ್ನು ಪ್ರದರ್ಶನಕ್ಕಿಡುವುದೇ, ತಾತ?" ಎಂದನು ಹುಡುಗನು.

ಪ್ರಶ್ನೆ ಸುಲಭದ್ದಲ್ಲ. ಇಲ್ಲದವರ ಹರುಕನ್ನು ಅನುಕರಿಸಿ ಉಳ್ಳವರಿಗೆ ಮಾರುವ ವ್ಯಾಪಾರ ನನಗೂ ಹಿಡಿಸದು. ಆದರೆ ಎಂದೂ ಇಲ್ಲದ ಜರಿಯನ್ನು ಸತ್ತವರ ಮೈಗೆ ಹೊದಿಸುವುದು ಇನ್ನೂ ಕೀಳು. "ತೇಪೆಯನ್ನು ಬಿಡು, ಒಳಗೆ ಬಿಟ್ಟ ಬಟ್ಟೆಯನ್ನು ತೆಗೆದುಕೊ" ಎಂದೆನು.

ಹಾಗಾದರೆ ಕೋಟನ್ನೆಲ್ಲ ಬಿಚ್ಚಿ ಅಳೆಯಬೇಕೆಂದನು. ಎಲ್ಲವನ್ನೂ ಬಿಚ್ಚಿಸಲು ಮನಸ್ಸು ಒಪ್ಪಲಿಲ್ಲ. ಎಡದ ತೋಳೊಂದಕ್ಕೆ ಸಮ್ಮತಿಸಿದೆನು. ಹೊರಗೆ ಕಂದಿ ಕಂದುಬಣ್ಣಕ್ಕೆ ತಿರುಗಿದ್ದ ಬಟ್ಟೆ ಮಡಿಕೆಯೊಳಗೆ ಕಾಡಿಗೆಯಂತೆ ಕಪ್ಪಾಗಿಯೇ ಇತ್ತು. ಅದು ಬೆಂಗಳೂರಿನ ಗಿರಣಿಯದೆಂದು ತಂದೆಯವರು ಹೇಳುತ್ತಿದ್ದರು; 1884ರಲ್ಲಿ ಆರಂಭವಾದ ಆ ಗಿರಣಿ ಮುಚ್ಚಿಹೋಗಿದೆ. ಅಂತಹ ಬಟ್ಟೆ ಈಗೆಲ್ಲಿ ಸಿಕ್ಕೀತೆಂದು ಹುಡುಗನು ಬಹಳ ಹೊತ್ತು ಅದನ್ನು ಬೆರಳಿನಿಂದ ಸವರಿ ನೋಡುತ್ತಿದ್ದನು. ಪೇಟದ ಮಾತು ಆಮೇಲೆ ಬರಲಿಲ್ಲ. ಜರಿಯನ್ನು ಮಾತ್ರ ಒಂದು ಉಡುಪಿಗೆ ಉಳಿಸಿಕೊಂಡಿದ್ದಾನೆ, ಇರಲಿ, ಅವನದಿನ್ನೂ ಇಪ್ಪತ್ತೆರಡರ ವಯಸ್ಸು.

ಊರಿಗೆ ಹೊರಡುವ ಮುನ್ನ ತೋಳನ್ನು ತಾನೇ ಮತ್ತೆ ಹೊಲಿದು ಕೊಟ್ಟನು. ಹಳೆಯ ಮೂರು ಗುರುತುಗಳಲ್ಲಿ ಒಂದರ ಮೇಲೂ ಅಲ್ಲ, ತನ್ನ ಕೈಯ ಅಳತೆಗೆ.