ನಾನೂ ಒಂದು ಕ್ಯಾಮೆರಾ ಕೊಂಡೆ

ನಮ್ಮ ಅತ್ತೆಗೆ ಎಂಬತ್ತೆರಡು ವರ್ಷ. ಯುಗಾದಿಗೆ ಒಬ್ಬಟ್ಟು ತಟ್ಟುವ ಕೆಲಸವನ್ನು ಇವತ್ತಿಗೂ ಯಾರಿಗೂ ಬಿಟ್ಟುಕೊಟ್ಟವರಲ್ಲ. ಆ ಕೈಗಳ ಒಂದು ಫೋಟೋ ಬೇಕೆಂದು ನನಗೆ ಬಹಳ ದಿನದ ಆಸೆ. ನಮ್ಮಮ್ಮ ತೀರಿಕೊಂಡಾಗ ಹುಡುಕಿದರೆ ಸಿಕ್ಕಿದ್ದು ಯಾರದೋ ಮದುವೆಯ ಗ್ರೂಪ್ ಫೋಟೋ ಒಂದೇ. ಅದರಲ್ಲೂ ಅರ್ಧ ಮುಖ ಮುಂದೆ ನಿಂತವರ ತುರುಬಿನ ಹಿಂದೆ! ಮೊಬೈಲಿನಲ್ಲಿ ಅತ್ತೆಯ ಫೋಟೋ ತೆಗೆದು ನೋಡಿದೆ. ನಮ್ಮ ಅಡುಗೆಮನೆಗೆ ಇರುವುದು ಒಂದೇ ಕಿಟಕಿ, ಅತ್ತೆಯ ಕೈಯೋ ಒಂದು ಕಡೆ ನಿಲ್ಲುವುದಿಲ್ಲ. ಕೈಯಿದ್ದ ಕಡೆ ಬರೀ ಮಂಜು.

ಚೀಟಿ ಎತ್ತಿದ ಹಣ ಬಂದಾಗ, ಈ ಸಲ ಬಳೆಯೂ ಬೇಡ, ಮಿಕ್ಸಿಯೂ ಬೇಡ, ಡಿಎಸ್‌ಎಲ್‌ಆರ್ ಅಂತಾರಲ್ಲ, ಆ ಕ್ಯಾಮೆರಾ ಬೇಕು ಎಂದೆ. ನಮ್ಮವರು ಪೇಪರಿನಿಂದ ತಲೆಯೆತ್ತಿ, "ಯಾರಿಗೆ?" ಅಂದರು. "ನನಗೆ" ಅಂದೆ. ಮಾತು ಅಲ್ಲಿಗೇ ನಿಂತಿತು.

ಹಾಸನದ ಅಂಗಡಿಯಲ್ಲಿ ಹುಡುಗ ಬಾಯಿಬಿಟ್ಟರೆ ಮೆಗಾಪಿಕ್ಸೆಲ್. ಅದನ್ನೂ ಹೇಳಿದ್ದೆಲ್ಲ ನಮ್ಮವರಿಗೇ. ದುಡ್ಡಿನ ಚೀಲ ಹಿಡಿದು ನಿಂತ ನಾನು ಅವನ ಕಣ್ಣಿಗೆ ಬೀಳಲೇ ಇಲ್ಲ. ಏನೂ ಕೊಳ್ಳದೆ ಬಂದೆ. ಫೋಟೋ ಹುಚ್ಚಿನ ನನ್ನ ತಂಗಿಯ ಮಗ ಆಮೇಲೆ ಬಿಡಿಸಿ ಹೇಳಿದ. ಆಲ್ಬಮ್ಮಿಗೆ ಹಾಕುವ 6 ಇಂಚು ಉದ್ದ, 4 ಇಂಚು ಅಗಲದ ಫೋಟೋಗೆ ಎರಡು ಮೆಗಾಪಿಕ್ಸೆಲ್‌ಗಿಂತ ಒಂಚೂರು ಹೆಚ್ಚಿದ್ದರೆ ಸಾಕಂತೆ. ಕಲಿಯುವವರಿಗೆಂದೇ 2018ರಲ್ಲಿ ಬಂದ ಕ್ಯಾನನ್ 1500ಡಿ, ನಿಕಾನ್ ಡಿ3500 ಎರಡರಲ್ಲೂ 24 ಇವೆ. "ದೊಡ್ಡಮ್ಮಾ, ದುಡ್ಡು ಲೆನ್ಸಿಗೆ ಹಾಕಿ" ಎಂದ.

ಲೆನ್ಸಿನ ಸಂಗತಿ ಹೀಗೆ. ಕ್ಯಾಮೆರಾದ ಜೊತೆಗೇ ಬರುವ 18-55 ಲೆನ್ಸನ್ನು 55ರ ಕಡೆಗೆ ತಿರುಗಿಸಿದರೆ ಅದರ ಕಿಂಡಿ 5.6ರಷ್ಟೇ ತೆರೆಯುತ್ತದೆ. ಬೇರೆಯಾಗಿ ಸಿಗುವ 50ರ ಲೆನ್ಸಿನದು 1.8. ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಇದು ನನ್ನ ತಲೆಗೆ ಹತ್ತಲು ಎರಡು ದಿನ ಬೇಕಾಯಿತು! ಒಳಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟು. ಬೆಳಕು ಹೆಚ್ಚಿದ್ದರೆ ಕ್ಯಾಮೆರಾ ಬೇಗ ಕಣ್ಣು ಮುಚ್ಚುತ್ತದೆ, ಓಡಾಡುವ ಕೈ ಮಂಜಾಗುವುದಿಲ್ಲ. ಆದರೆ ಡಿ3500ರ ಒಳಗೆ ಫೋಕಸ್ ಮಾಡುವ ಮೋಟಾರಿಲ್ಲ. ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಕಾಲದ್ದನ್ನು ತಂದರೆ ಕೈಯಲ್ಲೇ ತಿರುಗಿಸುತ್ತ ಕೂರಬೇಕು.

ಇಂಥ ಕ್ಯಾಮೆರಾದೊಳಗೆ ಒಂದು ಪುಟ್ಟ ಕನ್ನಡಿ ಇರುತ್ತದೆ. ಲೆನ್ಸಿನಲ್ಲಿ ಕಂಡದ್ದನ್ನು ನಮ್ಮ ಕಣ್ಣಿಗೆ ತೋರಿಸುವುದು ಅದೇ. ಈಚೆಗೆ ಕಂಪನಿಗಳು ಕನ್ನಡಿಯಿಲ್ಲದ ಹೊಸ ಬಗೆಯ ಕಡೆ ವಾಲಿವೆ, ಡಿ3500 ಈಗ ತಯಾರಾಗುತ್ತಿಲ್ಲ. ಆದರೂ ಸೆಕೆಂಡ್ ಹ್ಯಾಂಡಿನಲ್ಲಿ ಅದನ್ನೇ ತೆಗೆದುಕೊಂಡೆ. ಲೆನ್ಸ್ ಬಿಟ್ಟು 415 ಗ್ರಾಂ, ಅರ್ಧ ಕೆಜಿ ಬೆಲ್ಲದಷ್ಟೂ ಭಾರವಿಲ್ಲ. ಎಷ್ಟು ಸಲ ಕ್ಲಿಕ್ಕಾಗಿದೆ ಎನ್ನುವ ಲೆಕ್ಕ ಅದು ತೆಗೆದ ಫೋಟೋದ ಫೈಲಿನೊಳಗೇ ಅಡಗಿರುತ್ತದೆ. ಹುಡುಗ ಅದನ್ನು ನೋಡಿ, "ಹೆಚ್ಚೇನೂ ಓಡಿಲ್ಲ" ಎಂದ ಮೇಲೇ ದುಡ್ಡು ಎಣಿಸಿದ್ದು. ಸೋದರಿಯರೇ, ಹಳೆಯದನ್ನು ಕೊಳ್ಳುವುದಾದರೆ ಇದನ್ನು ನೋಡದೆ ಕೊಳ್ಳಬೇಡಿ.

ಒಂದು ತಪ್ಪು ಮಾಡಿದೆ. 50ರ ಲೆನ್ಸ್ ಈ ಕ್ಯಾಮೆರಾದಲ್ಲಿ ಎಲ್ಲವನ್ನೂ ತೀರಾ ಹತ್ತಿರಕ್ಕೆ ಎಳೆಯುತ್ತದೆ. ನಮ್ಮ ಅಡುಗೆಮನೆಯೋ ಎಂಟಡಿ! 35ರದನ್ನು ಕೊಂಡಿದ್ದರೆ ಸರಿಹೋಗುತ್ತಿತ್ತು. ಹೋದ ಯುಗಾದಿಗೆ ಹೊಸ್ತಿಲಾಚೆ, ನಡುಮನೆಯಲ್ಲಿ ನಿಂತು ತೆಗೆದೆ. ಕಣಕ ಮೆತ್ತಿದ ಬೆರಳು, ಸವೆದ ಬಳೆ, ಎಲ್ಲ ಸ್ಪಷ್ಟವಾಗಿ ಬಂತು. ಅತ್ತೆ ಕನ್ನಡಕ ಏರಿಸಿಕೊಂಡು ತುಂಬ ಹೊತ್ತು ನೋಡಿದರು.

"ನಮ್ಮಮ್ಮನ ಕೈ ಇದ್ದ ಹಾಗೇ ಇದೆಯಲ್ಲೇ!" ಎಂದರು. ಆಮೇಲೆ, "ಸಾಕು ಬಾ, ಕಾವಲಿ ಮೇಲಿರೋದು ಸೀಯುತ್ತೆ, ಮಗುಚು."