ಭಾಗ 4: ಅರ್ಧ ಮಾತ್ರೆ

ಪರೀಕ್ಷೆ ಟೈಮಲ್ಲಿ ನಿದ್ದೆ ಬರ್ತಿಲ್ಲ ಅಂದಾಗ ಡಾಕ್ಟರು ಅಲ್ಪ್ರಜೋಲಾಮ್ ಬರೆದುಕೊಟ್ಟಿದ್ದು ಐದೇ ದಿನಕ್ಕೆ. ಅದೇ ಚೀಟಿ ತೋರಿಸಿ ಮೂರು ತಿಂಗಳು ನುಂಗಿದೆ. ಮೊದಲು ಅರ್ಧ ಸಾಕಾಗ್ತಿತ್ತು, ಆಮೇಲೆ ಎರಡೂ ಸಾಲಲಿಲ್ಲ.

ಒಂದಿನ ಹಟಕ್ಕೆ ಬಿದ್ದು ಪೂರ್ತಿ ಬಿಟ್ಟೆ. ಎರಡೇ ದಿನಕ್ಕೆ ಬೆವರು, ಕೈ ನಡುಕ. ಕಾಫಿ ಲೋಟ ಹಿಡಿಯೋಕಾಗದ್ದನ್ನ ಅಮ್ಮ ನೋಡಿಬಿಟ್ರು. ಎಲ್ಲಾ ಹೇಳಿದೆ.

ಡಾಕ್ಟರು ಬೈಲಿಲ್ಲ. "ದಿಢೀರ್ ಅಂತ ಬಿಟ್ರೆ ಫಿಟ್ಸ್ ಕೂಡ ಬರಬಹುದು" ಅಂದು, ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿಸಿದರು.

ಇದು ಶೆಡ್ಯೂಲ್ ಎಚ್1 ಔಷಧ. ಪಟ್ಟಿ ಮೇಲೆ ಕೆಂಪು ಚೌಕಟ್ಟಲ್ಲೇ ಎಚ್ಚರಿಕೆ ಇರುತ್ತೆ. ನಾನು ಒಮ್ಮೆಯೂ ಓದಿರಲಿಲ್ಲ.

ನೀವೂ ತಗೊಳ್ತಿದ್ರೆ ಮುಚ್ಚಿಡಬೇಡಿ, ನೀವಾಗೇ ಬಿಡಲೂಬೇಡಿ. ಡಾಕ್ಟರಿಗೆ ಹೇಳಿ. ಮೊದಲ ಮಾತು ಯಾರ ಹತ್ರ ಅಂತ ಗೊತ್ತಾಗದಿದ್ರೆ ಟೆಲಿ ಮಾನಸ್ ಇದೆ: 14416. ಕನ್ನಡದಲ್ಲೇ ಮಾತಾಡಬಹುದು.