ಇದೊಂದೇ ಚೆಂಡು ಉಳಿದದ್ದು ಅಮ್ಮ

ಮೇ ತಿಂಗಳು ಅಂದ್ರೆ ಕಾಪುವಿನ ನಮ್ಮ ಮನೆಯಲ್ಲಿ ಹಲಸಿನ ಹಪ್ಪಳದ ಗೌಜಿ. ಈ ಸಲ ಕಾರ್ಕಳದಿಂದ ಅಕ್ಕನ ಮಗಳು, ಮಣಿಪಾಲದಿಂದ ಮೈದುನನ ಮಗಳು, ಪಕ್ಕದ ಮನೆಯ ಎರಡು ಮಕ್ಕಳು ಎಲ್ಲ ಸೇರಿದ್ರು. ಬೇಯಿಸಿದ ಸೊಳೆ ಗುದ್ದಿ ಉಂಡೆ ಮಾಡಿ ಕೊಡುವುದು ನನ್ನ ಕೆಲಸ, ಒತ್ತಿ ಚಾಪೆಗೆ ಹಾಕುವುದು ಅವರದ್ದು. ಅಕ್ಕನ ಮಗಳು ಸೆಕೆಂಡ್ ಪಿಯುಸಿ. ಬಾಯಿ ಮುಚ್ಚಿ ಕೂತವಳೇ ಅಲ್ಲ. ಆ ದಿನ ಮಾತ್ರ ಮಾತೇ ಇಲ್ಲ. ಮೊಬೈಲು ಟಿಂಗ್ ಅಂದ್ರೆ ಬೆಚ್ಚಿ ಬೀಳ್ತಾಳೆ.

ಊಟ ಆದ ಮೇಲೆ ಪಾತ್ರೆ ತೊಳೆಯುವಲ್ಲಿ ಮೆಲ್ಲ ಕೇಳಿದೆ, "ಎಂತ ಆಯ್ತು ಮಗಾ?"

ಕಣ್ಣಲ್ಲಿ ನೀರು ಬಂದೇ ಬಿಟ್ಟಿತು. "ಚಿಕ್ಕಮ್ಮ, ಅಮ್ಮನಿಗೆ ಹೇಳುವುದಿಲ್ಲ ಅಂತ ಪ್ರಾಮಿಸ್ ಮಾಡಿ."

"ಆ ಪ್ರಾಮಿಸ್ ಮಾಡ್ಲಿಕ್ಕೆ ಆಗುವುದಿಲ್ಲ. ಆದ್ರೆ ನಿನ್ನ ಬದಲಿಗೆ ನಾನೇ ಹೇಳ್ತೇನೆ. ನೀನು ಪಕ್ಕದಲ್ಲಿ ಕೂತ್ರೆ ಸಾಕು" ಅಂದೆ.

ಆದದ್ದು ಇಷ್ಟು. ಮೊಬೈಲಿಗೆ ಒಂದು ಮೆಸೇಜು ಬಂತು, ಹೋಟೆಲಿನ ಫೋಟೋಗಳಿಗೆ ಲೈಕ್ ಒತ್ತಿದ್ರೆ ಒಂದಕ್ಕೆ 50 ರೂಪಾಯಿ ಅಂತ. ಮೂರು ಒತ್ತಿದಳು, 150 ರೂಪಾಯಿ ನಿಜವಾಗಿಯೂ ಬಂತು. ಆಮೇಲೆ ಒಂದು ಗುಂಪಿಗೆ ಸೇರಿಸಿದ್ರು. ಅಲ್ಲಿ ಎಲ್ಲರೂ "ನನಗೆ ಎರಡು ಸಾವಿರ ಬಂತು, ನನಗೆ ಐದು ಬಂತು" ಅಂತ ಬರೆಯುವವರೇ. ಇವಳು 1,000 ಹಾಕಿದಳು, 1,300 ವಾಪಸ್ ಬಂತು. ಸ್ಕಾಲರ್‌ಶಿಪ್ಪಿನ 5,000 ಹಾಕಿದಳು, ಬರ್ಲಿಲ್ಲ. "ನಿಮ್ಮ ಖಾತೆ ಲಾಕ್ ಆಗಿದೆ, ಅರ್ಧ ಗಂಟೆಯೊಳಗೆ 8,000 ಕಟ್ಟಿದ್ರೆ ಎಲ್ಲ ಸಿಗ್ತದೆ" ಅಂದ್ರು. ಗೆಳತಿಯರ ಹತ್ತಿರ ಸಾಲ ಮಾಡಿ 3,000 ಕಳಿಸಿದಳು. ಈಗ ಬಾಕಿ ಐದಕ್ಕೆ ದಿನಾ ಮೆಸೇಜು.

ಇದೆಲ್ಲ ಆಗಿ ಒಂಬತ್ತು ದಿನ! ಸಂಜೆಯೇ 1930ಕ್ಕೆ ಫೋನು ಮಾಡಿ ದೂರು ಕೊಟ್ಟೆವು. ಹಣ ಹೋದ ಕೂಡಲೇ ಆ ನಂಬರಿಗೆ ಹೇಳಿದ್ರೆ ಅದು ಇನ್ನೊಂದು ಖಾತೆಗೆ ಹೋಗುವ ಮೊದಲೇ ಬ್ಯಾಂಕಿನವರು ತಡೆಹಿಡಿಯುವ ಸಾಧ್ಯತೆ ಉಂಟು. ನಮ್ಮದು ಇಷ್ಟರವರೆಗೆ ಬರ್ಲಿಲ್ಲ. ಹಣ ತೆಗೊಂಡದ್ದು ಕಳ್ಳ, ಸರಿ. ಆದ್ರೆ ಒಂಬತ್ತು ದಿನ ಮಗುವಿನ ಬಾಯಿ ಮುಚ್ಚಿಸಿದ್ದು ನಮ್ಮ ಬೈಗುಳದ ಹೆದರಿಕೆ. ಅದು ನನಗೆ ಹೆಚ್ಚು ಚುಚ್ಚಿತು.

ಮರುದಿನ ಹಪ್ಪಳ ಒತ್ತುವಾಗ ನಾಲ್ಕೂ ಮಕ್ಕಳೆದುರು ಈ ವಿಷಯ ತೆಗೆದೆ. ಅವಳೇ "ಹೇಳಿ ಚಿಕ್ಕಮ್ಮ, ಇವರಿಗೂ ಗೊತ್ತಾಗ್ಲಿ" ಅಂದ್ಲು. ಮಣಿಪಾಲದವಳು ಕಾಲೇಜಿನಲ್ಲಿ ಮನಃಶಾಸ್ತ್ರ ಓದ್ತಾಳೆ. ರಾಬರ್ಟ್ ಸಿಯಾಲ್ಡಿನಿ ಅಂತ ಅಮೆರಿಕದ ಪ್ರೊಫೆಸರು ಜನರನ್ನು ಒಪ್ಪಿಸುವ ಉಪಾಯ ಕಲಿಯಲಿಕ್ಕೆ ತಾನೇ ಹಳೇ ಕಾರು ಮಾರುವವರ, ಚಂದಾ ಎತ್ತುವವರ ಜೊತೆ ಸೇರಿ ತರಬೇತಿ ತೆಗೊಂಡರಂತೆ, 1984ರಲ್ಲಿ ಆ ಬಗ್ಗೆ ಪುಸ್ತಕ ಬರೆದರಂತೆ. ಅವಳು ಒಂದೊಂದೇ ಹೇಳಿದ ಹಾಗೆ ನನಗೆ ನಗು. ಇದೆಲ್ಲ ನಮಗೆ ಗೊತ್ತಿದ್ದದ್ದೇ ಮಾರಾಯ್ರೆ, ಹೆಸರು ಮಾತ್ರ ಗೊತ್ತಿರ್ಲಿಲ್ಲ.

ಮೊದಲನೆಯದು, ಕೊಟ್ಟು ಕಟ್ಟಿಹಾಕುವುದು. ಸೀರೆ ಅಂಗಡಿಯಲ್ಲಿ ಕೂತ ಕೂಡಲೇ ಜ್ಯೂಸು ಬರ್ತದೆ. ನಲವತ್ತು ಸೀರೆ ಬಿಡಿಸಿ ಹಾಕ್ತಾರೆ. ಪಾಪ, ಇಷ್ಟು ಬಿಡಿಸಿದ್ರಲ್ಲ ಅಂತ ಬೇಡದ ಸೀರೆ ಹಿಡ್ಕೊಂಡು ಬರ್ತೇವೆ. ದಾಕ್ಷಿಣ್ಯಕ್ಕೆ ಬಸಿರಾದ್ರೆ ಹೆರ್ಲಿಕ್ಕೆ ಜಾಗ ಇಲ್ಲ ಅಂತ ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಆ 150 ರೂಪಾಯಿ ಅಂದ್ರೆ ಅಂಗಡಿಯ ಜ್ಯೂಸು.

ಎರಡನೆಯದು, ಸಣ್ಣದರಿಂದ ದೊಡ್ಡದಕ್ಕೆ. ಕ್ಯಾಲಿಫೋರ್ನಿಯಾದಲ್ಲಿ 1966ರಲ್ಲಿ ಪ್ರಕಟವಾದ ಒಂದು ಪ್ರಯೋಗ ಉಂಟಂತೆ. ಮನೆಯೆದುರು "ಜಾಗ್ರತೆಯಿಂದ ಗಾಡಿ ಓಡಿಸಿ" ಅಂತ ದೊಡ್ಡ, ಚಂದವಿಲ್ಲದ ಬೋರ್ಡು ಹಾಕ್ಲಿಕ್ಕೆ ಕೇಳಿದ್ದು. ಸುಮ್ಮನೆ ಹೋಗಿ ಕೇಳಿದಾಗ ನೂರಕ್ಕೆ 17 ಜನ ಒಪ್ಪಿದ್ರು. ಎರಡು ವಾರ ಮೊದಲು ಅದೇ ವಿಷಯದ ಪುಟ್ಟ ಚೀಟಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 76! ನಾವೂ ಮಾಡುವುದು ಅದೇ ಅಲ್ವಾ? "ಒಂದೇ ತುತ್ತು" ಅಂತ ಶುರು ಮಾಡಿ ಬಟ್ಟಲು ಖಾಲಿ ಮಾಡಿಸುವುದು.

ಮೂರನೆಯದು, ಎಲ್ಲರೂ ಮಾಡ್ತಾರೆ ಅನ್ನುವುದು. ಆ ಗುಂಪಿನಲ್ಲಿ ದುಡ್ಡು ಬಂತು ಅಂತ ಕುಣಿದವರೆಲ್ಲ ಕಳ್ಳನ ಕಡೆಯವರೇ. ನಾಲ್ಕನೆಯದು, ದೊಡ್ಡವರ ವೇಷ. ಪೊಲೀಸ್ ಬಟ್ಟೆ ಹಾಕಿ ವಿಡಿಯೋ ಕಾಲಿನಲ್ಲಿ "ಡಿಜಿಟಲ್ ಅರೆಸ್ಟ್" ಅಂತ ಹೆದರಿಸ್ತಾರಲ್ಲ, ಅದು. ಅಂಥ ಅರೆಸ್ಟು ನಮ್ಮ ಕಾನೂನಿನಲ್ಲೇ ಇಲ್ಲ.

ಐದನೆಯದು, ಅವಸರ. ಇದಕ್ಕೆ ನಮ್ಮ ಮಲ್ಲಿಗೆಯೇ ಸಾಕು. ಒಂದು ಚೆಂಡಿಗೆ ಸುಮಾರು 800 ಹೂ, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮದುವೆ ಸೀಸನ್ನಿನಲ್ಲಿ ಶಂಕರಪುರದ ದರ ಏರಿದ್ರೆ ಹೂವಿನವಳು "ಇದೊಂದೇ ಚೆಂಡು ಉಳಿದದ್ದು ಅಮ್ಮ" ಅಂತಾಳೆ. ನಾವು ಗಡಿಬಿಡಿಯಲ್ಲಿ ತೆಗೊಳ್ತೇವೆ. ಹತ್ತು ಹೆಜ್ಜೆ ಹೋಗಿ ತಿರುಗಿ ನೋಡಿದ್ರೆ ಬಾಳೆಲೆ ಅಡಿಯಿಂದ ಇನ್ನೊಂದು ಚೆಂಡು! ಆನ್‌ಲೈನಿನಲ್ಲಿ "ಎರಡೇ ಪೀಸ್ ಉಂಟು" ಅಂತ ಸುಳ್ಳು ತೋರಿಸುವುದೂ ಇದೇ. 2023ರ ನವೆಂಬರ್ 30ಕ್ಕೆ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ 13 ಬಗೆಯ ಉಪಾಯಗಳನ್ನು ಪಟ್ಟಿ ಮಾಡಿ ನಿಷೇಧಿಸಿದೆ. ಸುಳ್ಳು ಅವಸರದ್ದೇ ಅದರಲ್ಲಿ ಮೊದಲ ನಂಬರು.

ಪಕ್ಕದ ಮನೆಯ ಸಣ್ಣವಳು ಕೇಳಿದ್ಲು, "ಹಾಗಾದ್ರೆ ಹೂವಿನವರೂ ಕಳ್ಳರಾ ಆಂಟಿ?"

ಒಳ್ಳೆ ಪ್ರಶ್ನೆ. ಅಲ್ಲ ಮಗಾ. ಹೂವಿನವಳಿಗೆ "ಇವತ್ತು ಬೇಡ, ನಾಳೆ ನೋಡ್ತೇನೆ" ಅಂದು ನೋಡು. "ಆಯ್ತಮ್ಮ, ನಾಳೆ ಬನ್ನಿ" ಅಂತಾಳೆ. ಮೋಸದವರು ನಾಳೆ ಅಂದ್ರೆ ಒಪ್ಪುವುದಿಲ್ಲ, ಮನೆಯಲ್ಲಿ ಕೇಳ್ತೇನೆ ಅಂದ್ರೂ ಒಪ್ಪುವುದಿಲ್ಲ. ಈಗಲೇ ಆಗ್ಬೇಕು, ಯಾರಿಗೂ ಹೇಳ್ಬಾರದು. ಈ ಎರಡು ಮಾತು ಒಟ್ಟಿಗೆ ಬಂದ್ರೆ ಮತ್ತೆ ಯೋಚನೆ ಮಾಡ್ಲಿಕ್ಕೇ ಇಲ್ಲ, ಫೋನು ಕೆಳಗೆ ಇಡುವುದೇ.

ಆದ ಕಾರಣ ಮಕ್ಕಳಿಗೆ ಒಂದೇ ವಾಕ್ಯ ಬಾಯಿಪಾಠ ಮಾಡಿಸಿದ್ದೇನೆ, "ಮನೆಯಲ್ಲಿ ಕೇಳಿ ಹೇಳ್ತೇನೆ." ನಾವು ಹೆಂಗಸರು ಎಷ್ಟು ಸಲ ಇದನ್ನು ಹೇಳಿ ತಪ್ಪಿಸಿಕೊಂಡಿದ್ದೇವೆ! ಆದ್ರೆ ಮಕ್ಕಳು ಬಂದು ಕೇಳ್ಬೇಕಾದ್ರೆ ಕೇಳುವ ಹಾಗಿನ ಮನೆ ಇರ್ಬೇಕಲ್ಲ?

ಅಕ್ಕನಿಗೆ ಹೇಳ್ಲಿಕ್ಕೆ ಆದಿತ್ಯವಾರ ಕಾರ್ಕಳಕ್ಕೆ ಹೋದೆ. ಚಾ ಕುಡಿಯುವಾಗ ಮೊದಲು ನನ್ನದೇ ಕಥೆ ತೆಗೆದೆ. ಹನ್ನೆರಡು ವರ್ಷದ ಹಿಂದೆ ಬಾಗಿಲಿಗೆ ಬಂದ ಹುಡುಗನ ಮಾತು ನಂಬಿ, ಇವರಿಗೆ ಹೇಳದೆ ನೀರಿನ ಫಿಲ್ಟರಿಗೆ ಆರು ಸಾವಿರ ಕೊಟ್ಟದ್ದು, ಅದು ಎರಡು ತಿಂಗಳಲ್ಲಿ ಹಾಳಾದದ್ದು, ಹೆದರಿ ಅದನ್ನು ಅಟ್ಟಕ್ಕೆ ಹಾಕಿ ಚೀಲ ಮುಚ್ಚಿದ್ದು. ಅಕ್ಕ ನಕ್ಕು ನಕ್ಕು, "ನನಗಾದ್ರೂ ಹೇಳ್ಬಹುದಿತ್ತಲ್ಲ ಮಾರಾಯ್ತಿ, ನಾನು ಬೈತಿದ್ನಾ?" ಅಂದ್ಲು.

"ಬೈಯುವುದಿಲ್ಲ ಅಲ್ವಾ? ಹಾಗಾದ್ರೆ ಈಗ ಮಗಳ ಕಥೆ ಕೇಳು" ಅಂದೆ.

ಸಣ್ಣದಕ್ಕೆ ಒಪ್ಪಿಸಿ ದೊಡ್ಡದಕ್ಕೆ ತಂದದ್ದು ಹೌದು. ಅಕ್ಕನ ಮುಖ ಕೆಂಪಾಯ್ತು, ಕಣ್ಣು ತುಂಬಿತು, ಆದ್ರೆ ಬೈಯ್ಲಿಲ್ಲ. ನನ್ನ ಪಕ್ಕ ಕೂತಿದ್ದ ಮಗಳನ್ನು ಹತ್ತಿರ ಕರೆದು, "ಗೆಳತಿಯರ ಮೂರು ಸಾವಿರ ನಾಳೆಯೇ ಕೊಟ್ಟು ಬಾ" ಅಂತ ಬೀರಿನ ಬೀಗದಕೈ ತೆಗೆದಳು.